ಪಾರವ್ವನ ಬದಲಿದನಿ

ಇನ್ನೂ ಬಾರದ ಶ್ರಾವಣದ ನಲವತ್ತೊಂದನೆಯ ದಿನ
ದೊಡ್ಡ ಆರೈಕೆಮನೆಯ ಹೊರಜಗಲಿ, ತುಂಗಭದ್ರೆಯ ಈಚೆ ದಡ

ಆಸ್ಪತ್ರೆಯ ಖರ್ಚು ಮತ್ತು ಗುಣಮಟ್ಟದ ಸಮಿತಿಯಲ್ಲಿ ಕುಳಿತಿರುವ ಹಿರಿಯರಿಗೆ, ಇನ್ನೂ ಹುಟ್ಟದ ಗುರುಲಿಂಗವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಬಿಸಿಲು ಉದ್ದವಾಗಿದೆ, ಅದರ ಜೊತೆ ತಿಂಗಳುಗಳೂ ಹಿಗ್ಗಿವೆ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು, ಕೆಲವು ಅರ್ಥವೇ ಆಗಲಿಕ್ಕಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಮನುಷ್ಯರು ಹೋಗಲಾರರು, ಮಾತು ಮಾತ್ರ ಹೋಗುತ್ತದೆ, ಅದೂ ಒಬ್ಬರ ಆಯುಷ್ಯದಲ್ಲಿ ಒಂದೇ ಸಲ. ನಮ್ಮ ಓಣಿಯವರು ಇದನ್ನು ಮುತ್ತಜ್ಜಿಗೆ ಬುಗುಡಿ ಎಲ್ಲಿಟ್ಟಿದ್ದೀ ಎಂದು ಕೇಳುವುದಕ್ಕೆ ಬಳಸಿ ಮುಗಿಸುತ್ತಾರೆ. ನಾನು ಉಳಿಸಿಕೊಂಡಿದ್ದೆ. ಇವತ್ತು ಬಳಸುತ್ತಿದ್ದೇನೆ, ಯಾಕೆಂದರೆ ನನ್ನ ತಂಗಿ ಪಾರವ್ವ ಒಳಗೆ ಮಲಗಿದ್ದಾಳೆ ಮತ್ತು ಅವಳು ಸಾಯುವುದು ನನಗೆ ಬೇಕಾಗಿಲ್ಲ.

ನೀವು ಈಗ ಏನು ಮಾಡುತ್ತಿದ್ದೀರಿ ಎಂಬುದು ನಮ್ಮ ಶಾಲೆಯ ಪಾಠದಲ್ಲಿದೆ. ಉದ್ದನೆಯ ಮೇಜು, ಆರಿಹೋದ ಚಹಾ, ಬಿಸ್ಕೀಟು. ಖರ್ಚು ಇಳಿಯಬೇಕು, ಗುಣಮಟ್ಟ ಏರಬೇಕು; ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಗ ನಿಮ್ಮಲ್ಲಿ ಒಬ್ಬರಿಗೆ ಒಂದು ಉಪಾಯ ಹೊಳೆಯುತ್ತದೆ. ನರ್ಸು ಹಾಸಿಗೆಯಿಂದ ಹಾಸಿಗೆಗೆ ಹೋಗಿ ಮುಟ್ಟಿ ನೋಡುವುದು ದುಬಾರಿ, ಅದರ ಬದಲು ರೋಗಿಯನ್ನೇ ಕೇಳಿದರೆ ಹೇಗೆ? ಪ್ರತಿ ಹಾಸಿಗೆಯ ತಲೆದೆಸೆಗೆ ಒಂದು ದನಿ ಇಟ್ಟರೆ ಸಾಕು, ಅದು ಆಗಾಗ ಒಂದು ಪ್ರಶ್ನೆ ಕೇಳುತ್ತದೆ. ಚೆನ್ನಾಗಿದ್ದೇನೆ ಎಂದವರಿಗೆ ಕಡಿಮೆ ಆರೈಕೆ, ಇಲ್ಲ ಎಂದವರಿಗೆ ಹೆಚ್ಚು. ಉತ್ತರಗಳನ್ನು ಕೂಡಿಸಿದರೆ ಗುಣಮಟ್ಟ ಎಷ್ಟೆಂದು ತಾನಾಗಿ ತಿಳಿಯುತ್ತದೆ. ಬೇರೆ ಬೇರೆ ಸೀಮೆಗಳಲ್ಲಿ ಇದು ಚೆನ್ನಾಗಿಯೇ ನಡೆಯಿತಂತೆ. ಅಲ್ಲಿಯ ಜನ ಸೂಜಿ ಚುಚ್ಚಿದರೂ ಊರು ಕೇಳುವ ಹಾಗೆ ಕೂಗುತ್ತಾರೆ.

ನಮ್ಮ ಸೀಮೆಯ ಜನರನ್ನು ನೀವು ಬಲ್ಲಿರಿ. ಹೆಗಲ ಮೇಲೆ ಹೆಣ ಹೊತ್ತವನನ್ನು ದಾರಿಯಲ್ಲಿ ನಿಲ್ಲಿಸಿ ಹೆಂಗದೀರಿ ಎಂದು ಕೇಳಿದರೂ ಅವನು ಆರಾಮ ಅದೀನ್ರಿ, ನೀವು ಹೆಂಗದೀರಿ ಎನ್ನುತ್ತಾನೆ. ಅದು ಸುಳ್ಳಲ್ಲ, ಮರ್ಯಾದೆ. ಕೇಳಿದವರ ಮಡಿಲಿಗೆ ನಮ್ಮ ಭಾರ ಹಾಕಬಾರದು ಎಂದು ನಮ್ಮವ್ವ ನಮಗೆ ಅನ್ನ ಕಲಸಿ ತಿನ್ನಿಸುತ್ತಲೇ ಕಲಿಸಿದಳು. ಹೀಗಾಗಿ ದನಿ ಕೇಳಿತು, ಎಲ್ಲರೂ ಆರಾಮ ಎಂದರು. ಆರಾಮ ಎಂದವರ ಔಷಧಿ ಇಳಿಯಿತು, ನರ್ಸುಗಳು ಕಡಿಮೆಯಾದರು, ಖರ್ಚು ತಳ ಕಂಡಿತು, ಗುಣಮಟ್ಟ ಆಕಾಶ ಮುಟ್ಟಿತು. ಭೂಮಿಯಲ್ಲೇ ಉತ್ತಮ ಆರೈಕೆಮನೆ ಎಂದು ನಮ್ಮದಕ್ಕೆ ಹೆಸರು ಬಂತು. ದೂರ ದೂರದಿಂದ ಮಂದಿ ಬಂದು ನೋಡಿ, ಇಷ್ಟು ಶಾಂತ ರೋಗಿಗಳನ್ನು ನಾವೆಲ್ಲೂ ಕಂಡಿಲ್ಲ ಎಂದು ಕೈಮುಗಿದು ಹೋಗುತ್ತಿದ್ದರು. ಅವರಿಗೂ ಊಟ ಹಾಕಿ ಕಳಿಸುತ್ತಿದ್ದೆವು.

ಮುಂದೆ ಬದಲಿದನಿ ಬಂತು. ಕೆಲವರು ನಿತ್ರಾಣದಿಂದ ಬೇಗ ಉತ್ತರ ಕೊಡುವುದಿಲ್ಲ, ಕಾಯುವುದಕ್ಕೂ ಖರ್ಚು. ರೋಗಿ ಮೊದಲು ಕೊಟ್ಟ ಉತ್ತರಗಳಿಂದ ಆರೈಕೆಮನೆಯೇ ಅವರ ಕಂಠ ಕಲಿತು, ಅವರ ಪರವಾಗಿ ಗೋಡೆಯಿಂದ ಹೇಳತೊಡಗಿತು. ಕೂಸು ಹುಟ್ಟುವ ಮೊದಲೇ ಕುಲಾವಿ. ತಾವೇ ಹೇಳುವ ಶ್ರಮ ತಪ್ಪಿತೆಂದು ರೋಗಿಗಳು ಖುಷಿಪಟ್ಟರು. ಅವರು ತೀರಿಕೊಂಡ ಮೇಲೂ ಗೋಡೆ ಸುಮ್ಮನಾಗಲಿಲ್ಲ. ಅದನ್ನು ನಿಲ್ಲಿಸಿದರೆ ಗುಣಮಟ್ಟ ಇಳಿಯುತ್ತದೆ ಎಂದು ಆರೈಕೆಮನೆಯವರು ನಿಲ್ಲಿಸಲಿಲ್ಲ, ನಮಗೂ ನಿಲ್ಲಿಸುವುದು ಬೇಡವಾಗಿತ್ತು. ಈಗ ಸೋಮವಾರ ಸೋಮವಾರ ನಾವು ಬುತ್ತಿ ಕಟ್ಟಿಕೊಂಡು ಬಂದು, ಖಾಲಿ ಹಾಸಿಗೆಯ ಪಕ್ಕ ಕುಳಿತು, ನಮ್ಮವರನ್ನು ಕೇಳಿಸಿಕೊಂಡು ಹೋಗುತ್ತೇವೆ. ನಮ್ಮವ್ವನ ಹಾಸಿಗೆ ಕಿಟಕಿಯ ಪಕ್ಕದ್ದು. ಚಾದರ ಪ್ರತಿದಿನ ಬದಲಾಗುತ್ತದೆ. ಪ್ರಶ್ನೆಯ ಹೊತ್ತಾದಾಗ ಇಡೀ ಸಾಲು ಒಂದರ ಹಿಂದೊಂದು ಆರಾಮ, ಆರಾಮ ಎನ್ನುತ್ತ ಬರುತ್ತದೆ. ಅದರಲ್ಲಿ ಮೈಯಿದ್ದವರು ಯಾರು, ಇಲ್ಲದವರು ಯಾರು ಎಂದು ಕಣ್ಣು ಮುಚ್ಚಿದರೆ ತಿಳಿಯುವುದಿಲ್ಲ. ಇದರಲ್ಲಿ ಭಯಪಡುವಂಥದ್ದು ಇದೆ ಎಂದು ಈ ವಾರದವರೆಗೆ ನನಗೆ ಅನ್ನಿಸಿರಲಿಲ್ಲ.

ಪಾರವ್ವ ಹೊಟ್ಟೆನೋವೆಂದು ಬಂದಳು. ನಾನು ಮಗ್ಗುಲಲ್ಲಿ ಕುಳಿತಿದ್ದೆ. ನನ್ನ ಮುಂಗೈ ಹಿಡಿದುಕೊಂಡಿದ್ದಳು, ಅವಳ ಉಗುರು ನನ್ನ ಚರ್ಮದೊಳಗೆ ಇಳಿದಿತ್ತು. ಆಗ ದನಿ ಬಂತು, ನಮ್ಮ ಕಡೆಯ ಹೆಣ್ಣುಮಗಳ ದನಿ, ಬಹಳ ಅಂತಃಕರಣದ್ದು. "ಪಾರವ್ವಾರ, ಹೆಂಗದೀರಿ?"

"ಆರಾಮ ಅದೀನಿ ತಾಯಿ," ಎಂದಳು ಪಾರವ್ವ. ಉಗುರು ಇನ್ನಷ್ಟು ಇಳಿಯಿತು.

ನನಗೆ ಸಿಟ್ಟು ನೆತ್ತಿಗೇರಿತು. "ಖರೆ ಹೇಳ ಹುಚ್ಚಿ! ಸಾಯಾಕ ಹತ್ತೀನಿ ಅಂತ ಹೇಳ!"

"ಹೆಂಗ ಹೇಳ್ಲಿ ಅಕ್ಕಾ? ಪಾಪ, ಅಷ್ಟು ಕಾಳಜಿಯಿಂದ ಕೇಳತೈತಿ. ಅದರ ಮನಸ್ಸಿಗೆ ಯಾಕ ಬ್ಯಾಸರ ಮಾಡೂದು?"

ಎರಡು ದಿನ ಬೈದೆ, ಅತ್ತು ಕರೆದೆ, ಸತ್ತ ಅವ್ವನ ಆಣೆ ಹಾಕಿದೆ. ಇವತ್ತು ಮಧ್ಯಾಹ್ನ ಕೊನೆಗೆ ಒಪ್ಪಿದಳು. ದನಿ ಕೇಳಿದಾಗ ಉಸಿರು ಕೂಡಿಸಿಕೊಂಡು, "ನೋವಾಗ..." ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ತಲೆದೆಸೆಯ ಗೋಡೆ ಅವಳದೇ ಕಂಠದಲ್ಲಿ, ಅವಳಿಗಿಂತ ಸ್ಪಷ್ಟವಾಗಿ, "ಆರಾಮ ಅದೀನಿ ತಾಯಿ," ಎಂದಿತು. ದನಿ ಸಂತೋಷಪಟ್ಟು ಮುಂದಿನ ಹಾಸಿಗೆಗೆ ಹೋಯಿತು. ಪಾರವ್ವ ಗೋಡೆಯ ಕಡೆ ತಿರುಗಿ ನೋಡಿದ ನೋಟವನ್ನು ನಾನು ಬರೆಯಲಾರೆ. ಆಮೇಲೆ ಅವಳು ಕೂಗಿದಳು, ನಿಜವಾಗಿ ಕೂಗಿದಳು. ಅವಳು ಕೂಗಿದಷ್ಟೂ ಸಲ ಗೋಡೆ ಅದೇ ಶಾಂತ ಮಾತನ್ನು ಆಡಿತು.

ನಾನು ಓಡಿ ಹೋಗಿ ಡಾಕ್ಟರ್ ಚನ್ನವೀರಯ್ಯನವರನ್ನು ಕೈಹಿಡಿದು ಎಳೆತಂದೆ. ಇಡೀ ಆರೈಕೆಮನೆಗೆ ಉಳಿದಿರುವ ಮನುಷ್ಯ ಡಾಕ್ಟರು ಅವರೊಬ್ಬರೇ. ಕೆಟ್ಟವರಲ್ಲ. "ಹೊಟ್ಟಿ ಮುಟ್ಟಿ ನೋಡ್ರಿ," ಎಂದೆ. ಅವರು ಸಂಕೋಚದಿಂದ ಅಂಗೈ ಇಟ್ಟರು, ಒಲೆಯ ಮೇಲಿನ ಪಾತ್ರೆ ಬಿಸಿ ಇದೆಯೋ ಎಂದು ನೋಡುವವರ ಹಾಗೆ. "ಹಲಗಿ ಹಂಗ ಬಿಗದೈತಿ," ಎಂದರು. ಹಾಗಂದರೇನು ಎಂದು ಕೇಳಿದೆ. ಅವರ ಕಣ್ಣು ತುಂಬಿದವು. "ನಮಗ ಮುಟ್ಟೂದು ಕಲಿಸಿಲ್ಲ ತಾಯಿ. ನಮ್ಮ ಗುರುಗಳ ಗುರುಗಳಿಗೂ ಕಲಿಸಿಲ್ಲ. ಆರಾಮ ಅಂದವರಿಗೆ ಆಪರೇಶನ್ ಮಾಡೂ ಶಸ್ತ್ರಕೋಣೆ ಬಾಗಿಲಾ ತೆರೆಯೂದಿಲ್ಲ. ನಾ ಬಡದ್ರೂ ತೆರೆಯೂದಿಲ್ಲ, ಬಡದು ನೋಡೀನಿ." ಬೇರೆ ಆರೈಕೆಮನೆಗೆ ಒಯ್ಯೋಣವೆಂದರೆ, ಅವಳು ಹೋಗಿ ಮುಟ್ಟುವ ಮೊದಲೇ ಅವಳ ಬದಲಿದನಿ ಅಲ್ಲಿ ಹೋಗಿ ಕುಳಿತಿರುತ್ತದಂತೆ.

ಅದಕ್ಕೇ ಜಗಲಿಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಒಳಗೆ ಇಬ್ಬರು ಪಾರವ್ವಂದಿರಿದ್ದಾರೆ. ಒಬ್ಬಳ ದನಿ ಸಣ್ಣಗಾಗುತ್ತಿದೆ, ಇನ್ನೊಬ್ಬಳದು ಎಷ್ಟು ಕಾಲವಾದರೂ ಸಣ್ಣಗಾಗುವುದಿಲ್ಲ. ಮುಂದಿನ ಸೋಮವಾರ ಬುತ್ತಿ ಕಟ್ಟಿಕೊಂಡು ಬಂದು ಆ ಎರಡನೆಯವಳ ಪಕ್ಕ ಕೂರುವುದು ನನ್ನಿಂದ ಆಗುವುದಿಲ್ಲ. ನನಗೆ ಭಯವಾಗುತ್ತಿದೆ ಹಿರಿಯರೆ. ನನ್ನ ತಂಗಿ ನನಗೆ ಬೇಕು.

ಖರ್ಚು ನೋಡಬೇಡಿ ಎಂದು ನಾನು ಹೇಳುವುದಿಲ್ಲ. ನಾನೂ ಸಂಸಾರ ಮಾಡಿದವಳು, ಒಂದೇ ಎಣ್ಣೆಯಲ್ಲಿ ಎರಡು ಸಲ ಒಗ್ಗರಣೆ ಹಾಕಿದವಳು. ಆದರೆ ನಮ್ಮಂಥ ಜನರ ಬಾಯಿಮಾತನ್ನು ಅಳತೆಗೋಲು ಮಾಡಬೇಡಿ. ಮುಟ್ಟಿ ನೋಡುವ ನರ್ಸನ್ನು ಉಳಿಸಿಕೊಳ್ಳಿ, ಮುಟ್ಟುವುದನ್ನು ಕಲಿಸುವವರನ್ನು ಉಳಿಸಿಕೊಳ್ಳಿ. ಆ ಪ್ರಶ್ನೆಗೆ ಸಹಿ ಹಾಕಬೇಡಿ. ಎದ್ದು, ಪಕ್ಕದ ವಾರ್ಡಿಗೆ ಹೋಗಿ, ಆರಾಮ ಎಂದವರೊಬ್ಬರ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿ ಬನ್ನಿ. ಕೇಳುವುದು ಇಷ್ಟೇ.

ಹಿಂದಂಚೆಯವರು ಒಂದು ಮಾತು ಹೇಳಿದ್ದಾರೆ. ಕೇಳಿಕೊಂಡಿದ್ದು ನಡೆದುಬಿಟ್ಟರೆ ಈ ಪತ್ರ ಬರೆಯುವ ಕಾರಣವೇ ಉಳಿಯುವುದಿಲ್ಲ. ನೀವು ಕುರ್ಚಿ ಬಿಟ್ಟು ಎದ್ದ ಗಳಿಗೆಯಲ್ಲೇ ಕಾಗದ ನಿಮ್ಮ ಕೈಯಿಂದ ಇಲ್ಲವಾಗುತ್ತದೆ. ಓದುತ್ತಿದ್ದ ಸಾಲು ಅರ್ಧಕ್ಕೇ ನಿಲ್ಲುತ್ತದೆ, ನೆನಪೂ ಇರುವುದಿಲ್ಲ.

ನೀವು ಈ ಸಾಲಿನವರೆಗೂ ಬಂದಿದ್ದೀರಿ. ಅಂದರೆ ಇನ್ನೂ ಕುಳಿತೇ ಇದ್ದೀರಿ.