ಪಕ್ಕದ ಬೆಂಚಿನ ಭಾಗಾಕಾರ

ಭಾನುವಾರ, ಮಧ್ಯಾಹ್ನ

ನನ್ನ ಮಗಳ ಅಪ್ಪನಿಗೆ,

ಬೇರೆ ಬೇರೆ ಮನೆ ಮಾಡಿದ ಮೇಲೂ ನಮ್ಮ ಜಗಳ ಒಂದೇ ಸೂರಿನಡಿ ಇದ್ದಂತೆ ನಡೆಯುತ್ತಿದೆ. ಫೋನಿನಲ್ಲಿ ಇಬ್ಬರೂ ಕಿರುಚುತ್ತೇವೆ, ಅವಳು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಾಳೆ. ಅದಕ್ಕೇ ಈ ಕಾಗದ. ಇದರ ಮಧ್ಯೆ ನೀವು ಬಾಯಿ ಹಾಕುವಂತಿಲ್ಲ, ಅದೊಂದು ಸಮಾಧಾನ.

ನೀವು ಹಟ ಹಿಡಿದು ಗೊತ್ತು ಮಾಡಿದ ಖಾಸಗಿ ಶಾಲೆಗೆ ನಿನ್ನೆ ಅವಳನ್ನು ಕರೆದೊಯ್ದೆ. ಸೀಟು ಕೊಡುವ ಮುಂಚೆ ಹೊಸ ಮಕ್ಕಳನ್ನು ಅಲ್ಲಿಯವರ ಜೊತೆ ತರಗತಿಯಲ್ಲಿ ಕೂರಿಸಿ ನೋಡುತ್ತಾರಲ್ಲ, ಅದಕ್ಕೆ. ಬೇಕೆಂದೇ ಕೆಡಿಸಿದೆ ಅನ್ನಬೇಡಿ, ಶೂ ಕೂಡ ನಾನೇ ತಿಕ್ಕಿದ್ದೆ. ಹೆತ್ತವರು ಗಾಜಿನ ಗೋಡೆಯಾಚೆ ಕೂತು ನೋಡಬಹುದಿತ್ತು. ಒಂದು ಬೆಂಚಿಗೆ ಒಬ್ಬರೇ ಮಗು. ಇದು ಪರೀಕ್ಷೆ ಅಲ್ಲ ಮಕ್ಕಳೇ, ಬರೀ ಚಟುವಟಿಕೆ ಎಂದು ಮೇಡಂ ಶುರುವಿಗೇ ನಕ್ಕು ಹೇಳಿದರು. ನಮ್ಮ ಪೆದ್ದಿ ನಂಬಿದಳು. ಅಲ್ಲೇ ಓದುವ ಮಗುವೊಂದರ ರಬ್ಬರ್ ಕೆಳಗೆ ಬಿತ್ತು; ಎತ್ತಿಕೊಳ್ಳಲು ಅದು ಕೈ ಎತ್ತಿ ಅಪ್ಪಣೆಗೆ ಕಾದೇ ಕಾದಿತು. ಎಂಥಾ ಶಿಸ್ತು ನೋಡಿ ಅಂತ ನನ್ನ ಪಕ್ಕದ ಮಹಾಶಯರು ಹಿಗ್ಗಿದರು. ನಾನು ಕುರ್ಚಿಯನ್ನು ಅವರಿಂದ ಒಂದಿಷ್ಟು ದೂರ ಎಳೆದುಕೊಂಡೆ.

ನಮ್ಮವಳು ಲೆಕ್ಕ ಬೇಗ ಮುಗಿಸಿದಳು. ಮುಗಿಸಿದವಳು ತೆಪ್ಪಗೆ ಕೂರಬೇಕೋ ಬೇಡವೋ? ಎದ್ದು ಹೋಗಿ, ಭಾಗಾಕಾರಕ್ಕೆ ಸಿಕ್ಕಿಬಿದ್ದು ಅಳುತ್ತಿದ್ದ ಹುಡುಗಿಯ ಪಕ್ಕ ಕೂತಳು. ಉತ್ತರ ಹೇಳಲಿಲ್ಲ, ಮಾಡುವುದು ಹೇಗೆಂದು ತೋರಿಸಿದಳು. ನಮ್ಮವಳ ಈಗಿನ ಸರ್ಕಾರಿ ಶಾಲೆಯಲ್ಲಿ ಎರಡು ತರಗತಿಗೆ ಒಬ್ಬರೇ ಮೇಷ್ಟ್ರು. ಮೊದಲು ಮುಗಿಸಿದವರು ಮುಗಿಸದವರ ಪಕ್ಕ ಹೋಗಿ ಕೂರುವುದು ಅಲ್ಲಿಯ ಕಾನೂನು.

ಇಬ್ಬರನ್ನೂ ಹೊರಗೆ ಕಳಿಸಿದರು. ಇದು ನಕಲು ಎಂದರು ಪ್ರಿನ್ಸಿಪಾಲ್. ನಂದು ಮುಗ್ದೇ ಹೋಗಿತ್ತಲ್ಲ ಮಿಸ್, ನಾನ್ಯಾಕೆ ನಕಲು ಮಾಡ್ಲಿ ಅಂತ ಕೇಳಿತು ನಮ್ಮ ಬಾಯಿಬಡುಕಿ. ಎದುರುತ್ತರ ಬೇರೆ ಎಂದು ಅದನ್ನೂ ತಪ್ಪಿಗೆ ಸೇರಿಸಿದರು. ನಾಳೆಯೊಳಗೆ ಕ್ಷಮೆ ಕೇಳಿ ಬರೆದುಕೊಟ್ಟರೆ ಸೀಟು ಕೊಡುತ್ತಾರಂತೆ. ಅಂಕ ಚೆನ್ನಾಗಿದೆಯಂತೆ!

ನಿಮ್ಮ ವಾದ ನನಗೆ ಬಾಯಿಪಾಠ. ಸರ್ಕಾರಿ ಶಾಲೆಯ ಪ್ರಯೋಗಾಲಯದ ಬೀಗ ತುಕ್ಕು ಹಿಡಿದಿದೆ. ನಿನ್ನ ಹವ್ಯಾಸವೇನು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮವಳು ಎಸ್ ಮಿಸ್ ಅಂದಳು, ನಾನು ನೆಲ ನೋಡಿದೆ. ಎಲ್ಲಾ ನಿಜ. ಕವಿತೆ ಓದಿಕೊಂಡು ಕೂರುವವಳಿಗೆ ಲೋಕವೇನು ಗೊತ್ತು ಎಂಬ ನಿಮ್ಮ ಚುಚ್ಚುಮಾತೂ ಬರಲಿ. ಆದರೆ ಇಂಗ್ಲಿಷನ್ನು ನಾನು ಮನೆಯಲ್ಲಿ ಕೂರಿಸಿ ಕಲಿಸಬಲ್ಲೆ. ಅಳುವವರ ಪಕ್ಕ ಹೋಗಿ ಕೂರುವುದನ್ನು ಒಮ್ಮೆ ಮರೆಸಿಬಿಟ್ಟರೆ ಮತ್ತೆ ಎಲ್ಲಿಂದ ತರಲಿ?

ಕ್ಷಮೆ ಬರೆಸುವುದಿಲ್ಲ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹೌದು, ಫೋನ್ ಮಾಡದಿರಲು ಅದೂ ಒಂದು ಕಾರಣ. ಕೋಪ ಬಂದರೆ ಬನ್ನಿ. ಅವಳ ಎದುರು ಕೂತು, ಅವಳು ಮಾಡಿದ್ದರಲ್ಲಿ ತಪ್ಪೇನೆಂದು ನೀವೇ ಹೇಳಿ.

ಇಂತಿ,
ನಿಮ್ಮ ಮಗಳ ಅಮ್ಮ

ತಾ.ಕ.: ನಾನೇನು ಗಟ್ಟಿಗಿತ್ತಿ ಅಂದುಕೊಳ್ಳಬೇಡಿ. ಬರುವಾಗ ಬಸ್ಸಿನಲ್ಲಿ ನಾನೇ ಮೆತ್ತಗೆ ಹೇಳಿದ್ದೆ, ಹೋಗ್ಲಿ ಬಿಡು ಕಂದ, ಕ್ಷಮೆ ಕೇಳ್ಬಿಡು ಅಂತ. ಅವಳು, ಸರಿ, ಅವಳ ಮನೆ ಎಲ್ಲಿದೆ ಅಂದಳು. ಯಾರ ಮನೆಯೇ ಅಂದೆ. ಆ ಹುಡುಗೀದಮ್ಮ, ಇನ್ನೊಂದೇ ಸಲ ಕಳೆದಿದ್ರೆ ಅವಳಿಗೆ ಶೇಷ ಬಂದುಬಿಡ್ತಿತ್ತು, ನಾನು ಅರ್ಧಕ್ಕೇ ಎದ್ದು ಬಂದ್ನಲ್ಲ ಅಂದಳು.