ಹೆಚ್ಚಿನ ಹದಿಮೂರು ಹೆಜ್ಜೆ

ಮಾರ್ಚ್ ೧೪, ಗುರುವಾರ

ಪ್ರಿಯ ದುರ್ಬೀನು,

ನಿನ್ನ ಕಾಗದ ಕೈಸೇರಿ ನಾಲ್ಕು ತಿಂಗಳಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತವನಿಗೆ ನೀನು ಮನಸ್ಸಿನಲ್ಲೇ ಎಷ್ಟು ಬೈದಿರಬಹುದೆಂದು ಗೊತ್ತು. ಅಷ್ಟೂ ಬೈಗುಳ ನನಗೆ ತಲುಪಿದೆ, ರಸೀದಿ ಇದೇ ಎಂದುಕೋ. ಸೋಮಾರಿತನವಲ್ಲ ಮಾರಾಯ. ಮೂರು ಸಲ ಬರೆದೆ, ಮೂರು ಸಲ ಹರಿದೆ. ಇದನ್ನೂ ಹರಿಯಬಾರದೆಂದು ಮೊದಲೇ ಲಕೋಟೆಗೆ ವಿಳಾಸ ಬರೆದು, ಸ್ಟಾಂಪು ಹಚ್ಚಿ ಮುಂದಿಟ್ಟುಕೊಂಡಿದ್ದೇನೆ.

ನಿನ್ನ ಸ್ಟೀಲಿನ ಮಂಡಿ ಈಗ ಮಾತು ಕೇಳುತ್ತದೆಯೇ? ಊರೂರು ಅಳೆದವನಿಗೆ ಬಚ್ಚಲಿಗೆ ಹೋಗಿಬರುವುದೇ ಒಂದು ಮೈಲಿಯಾಗಿದೆ ಎಂದು ಬರೆದಿದ್ದೆ. ಓದಿ ನಕ್ಕೆ. ಈಗ ನನ್ನ ಪಾಳಿ. ಮೈಯಲ್ಲಿ ಸಕ್ಕರೆ ಜಾಸ್ತಿಯಾಗಿದೆ, ದಿನಕ್ಕೆ ಒಂದು ಗಂಟೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅವರು ಹೇಳಿದ್ದನ್ನು ನಾನು ಮರೆತೆ, ಮಗಳು ಮರೆಯಲಿಲ್ಲ. ಅವಳೀಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಬುಧವಾರ ಮಧ್ಯಾಹ್ನ ರಜೆ. ಹೋದ ನವೆಂಬರಿನ ಒಂದು ಬುಧವಾರ, "ಅಪ್ಪಾ, ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ. ಜಪಾನೀ ತೋಟಕ್ಕೆ ಹೋಗಿ ಬರೋಣ" ಎಂದಳು.

ದೊಡ್ಡ ಪಾರ್ಕಿನೊಳಗಿನ ಜಪಾನೀ ತೋಟ. ಆ ಪಾರ್ಕು ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಹಳೆಯ ಇಟ್ಟಿಗೆ ಗೂಡು, ಅದರ ಹಿಂದೆ ಇಟ್ಟಿಗೆಗೆ ಮಣ್ಣು ತೋಡಿ ಆದ ಹಳ್ಳ, ಹಳ್ಳದಲ್ಲಿ ನಲವತ್ತೊಂದು ಮನೆ. ನೀನು ದುರ್ಬೀನಿನಲ್ಲಿ ನೋಡುತ್ತ, ನಾನು ಸರಪಳಿ ಎಳೆಯುತ್ತ ಎರಡು ತಿಂಗಳು ಗೂಟ ಬಡಿದು ಅಳೆದ ಜಾಗ. ಮನೆಯವರನ್ನೆಲ್ಲ ಊರಾಚೆಗೆ ಕಳಿಸಿ, ಹಳ್ಳಕ್ಕೆ ಮಣ್ಣು ತುಂಬಿ, ಅದರ ಮೇಲೆ ಪಾರ್ಕು ಮಾಡಿದರು. ಮೂವತ್ತೊಂದು ವರ್ಷ ನಾನು ಅತ್ತ ತಲೆ ಹಾಕಿರಲಿಲ್ಲ. ಬಸ್ಸು ಆ ಕಡೆ ಹೋಗುತ್ತದೆಂದರೆ ಬೇರೆ ಬಸ್ಸು ಹತ್ತುತ್ತಿದ್ದೆ. ಅವತ್ತು ಮಗಳ ಮುಂದೆ ಹೇಳಲು ಒಂದು ನೆಪವೂ ಹೊಳೆಯಲಿಲ್ಲ.

ತೋಟ ಚೆನ್ನಾಗಿದೆ, ಸುಳ್ಳು ಹೇಳಬಾರದು. ಬಿದಿರಿನ ಬೇಲಿ ದಾಟಿ ಒಳಗೆ ಕಾಲಿಟ್ಟರೆ ಹೊರಗಿನ ಮಕ್ಕಳ ಗಲಾಟೆ, ಐಸ್‌ಕ್ರೀಮಿನವನ ಗಂಟೆ ಎಲ್ಲ ಯಾರೋ ಕತ್ತರಿಸಿದ ಹಾಗೆ ನಿಂತುಹೋಗುತ್ತದೆ. ಪೈನ್ ಮರಗಳ ಕೊಂಬೆಗಳನ್ನು ಹಗ್ಗ ಕಟ್ಟಿ ಬಗ್ಗಿಸಿದ್ದಾರೆ. ಕೊಳ, ಕೊಳದಲ್ಲಿ ಕೆಂಪು ಮೀನು, ದಾಟಲು ಬಿಡಿಬಿಡಿ ಕಲ್ಲುಗಳು. ಆ ಕಲ್ಲುಗಳ ಮೇಲೆ ಕಾಲು ನೋಡಿಕೊಂಡೇ ನಡೆಯಬೇಕು, ತಲೆ ಎತ್ತಿದರೆ ನೀರಿಗೇ. ಆಚೆ ದಡದಲ್ಲಿ ಒಂದು ದಿಬ್ಬ, ಪಾಚಿ ಹೊದ್ದ ಕಲ್ಲಿನ ದೀಪ, ತುದಿಯಲ್ಲಿ ಹುಲ್ಲು ಮಾಡಿನ ಪುಟ್ಟ ಚಹಾಮನೆ. ಅದರ ಹಿಂದೆ ಬಿಳಿ ಜಲ್ಲಿ ಹರಡಿದ ಅಂಗಳ. ಉದ್ದ ಹಿಡಿಯ ಮರದ ಬಾಚಣಿಗೆಯಿಂದ ಜಲ್ಲಿಯ ಮೇಲೆ ನೇರ ಗೆರೆ ಎಳೆದಿರುತ್ತಾರೆ, ಗಾಳಿಯಿಲ್ಲದ ನೀರಿನ ಹಾಗೆ.

"ಅಪ್ಪಾ, ಇಲ್ಲಿ ಜೋರಾಗಿ ಉಸಿರಾಡೋಕೂ ಹೆದರಿಕೆ ಆಗುತ್ತೆ ಅಲ್ವಾ?" ಎಂದಳು ಮಗಳು.

ಹುಟ್ಟುಗುಣ ಸುಟ್ಟರೂ ಹೋಗದು. ನಡೆಯುತ್ತಲೇ ಹೆಜ್ಜೆ ಎಣಿಸಿದೆ. ಬೇಲಿಯಿಂದ ಚಹಾಮನೆಗೆ ನೂರ ಹದಿನೆಂಟು. ಬರುವಾಗ ಅದೇ ದಾರಿಯಲ್ಲಿ ನೂರ ಮೂವತ್ತೊಂದು. ದಿಬ್ಬ ಏರುವಾಗ ಹೆಜ್ಜೆ ಚಿಕ್ಕದಾಗಿ ಲೆಕ್ಕ ಹೆಚ್ಚಬೇಕು, ಇಳಿಯುವಾಗ ಕಡಿಮೆಯಾಗಬೇಕು. ಇದು ತಿರುಗುಮುರುಗು. ಮುಪ್ಪು ಎಂದುಕೊಂಡೆ. ಮುಂದಿನ ಬುಧವಾರ ಮತ್ತೆ ಎಣಿಸಿದೆ. ಹೋಗುವಾಗ ನೂರ ಹದಿನೆಂಟು, ಬರುವಾಗ ನೂರ ಮೂವತ್ತೊಂದು. ಮೂರನೆಯ ಸಲ ಟೇಪು ಒಯ್ದೆ. ಮಗಳು ತಲೆ ಚಚ್ಚಿಕೊಂಡರೂ ಒಂದು ತುದಿ ಹಿಡಿದಳು. ಟೇಪಿನ ಪ್ರಕಾರ ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ನೀನೇ ಹೇಳು, ದುರ್ಬೀನು. ನನ್ನ ಹೆಜ್ಜೆ ಯಾವತ್ತಾದರೂ ತಪ್ಪಿದ್ದುಂಟೇ? ಹಾಗಾದರೆ ಬರುವಾಗ ನಾನು ಎಣಿಸಿದ ಹೆಚ್ಚಿನ ಹದಿಮೂರು ಹೆಜ್ಜೆ ಯಾರವು?

ನಮ್ಮ ಟೇಪಿನಾಟ ನೋಡಿ ತೋಟ ನೋಡಿಕೊಳ್ಳುವ ಹೆಂಗಸು ಬಂದಳು. ನಲವತ್ತರ ಆಸುಪಾಸು, ಮೊಣಕಾಲವರೆಗೆ ರಬ್ಬರ್ ಬೂಟು, ಕಿವಿಯ ಹಿಂದೆ ಪೆನ್ಸಿಲ್ಲು.

"ಏನ್ ಸಾರ್, ತೋಟ ಕೊಂಡ್ಕೊಳ್ಳೋ ಯೋಚನೆನಾ?"

ಹಳೆಯ ಸರ್ವೆಯವನು ಎಂದೆ. ಅವಳ ಮುಖದ ನಗು ಹೋಯಿತು. "ಹಾಗಾದ್ರೆ ಒಂದು ಜಾಗ ನೋಡಿ ಹೇಳಿ ಸಾರ್. ನಾನು ಹೇಳಿದ್ರೆ ಆಫೀಸ್ನೋರು ನಗ್ತಾರೆ" ಎಂದು ಚಹಾಮನೆಯ ಹಿಂದಿನ ಜಲ್ಲಿಯಂಗಳಕ್ಕೆ ಕರೆದುಕೊಂಡು ಹೋದಳು. ಸಂಜೆ ಅವಳು ಎಳೆದಿಟ್ಟ ನೇರ ಗೆರೆಗಳು ಬೆಳಗಾಗುವಷ್ಟರಲ್ಲಿ ಒಂದು ಕಡೆ ಕುಸಿದಿರುತ್ತವಂತೆ. ಮೂರು ತಿಂಗಳಿಗೊಮ್ಮೆ ಗಾಡಿಗಟ್ಟಲೆ ಮಣ್ಣು ಸುರಿಸಿದ್ದಾಳೆ. "ಈ ಜಾಗಕ್ಕೆ ಹೊಟ್ಟೆ ತುಂಬೋದೇ ಇಲ್ಲ ಸಾರ್."

ನೋಡಿದೆ. ಗುಂಡಗಿನ ಗುಳಿಯಾಗಿದ್ದರೆ ನೀರು ಹರಿದು ಆದದ್ದು ಎನ್ನಬಹುದಿತ್ತು. ಇದು ಚೌಕ. ನಾಲ್ಕು ಮೂಲೆ ಸ್ಪಷ್ಟವಾಗಿ, ಒಂದು ಬದಿಯಲ್ಲಿ ಮಾತ್ರ ಎರಡೂವರೆ ಅಡಿ ಅಗಲಕ್ಕೆ ಕುಸಿಯದೆ ಉಳಿದಿತ್ತು, ಬಾಗಿಲು ಬಿಟ್ಟ ಹಾಗೆ. ಅಳೆದೆ. ಹನ್ನೊಂದೂವರೆ, ಹತ್ತು.

ಮನೆಗೆ ಬಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಆ ಸರ್ವೆಯ ಫೀಲ್ಡ್ ಬುಕ್ಕು ನನ್ನಲ್ಲೇ ಉಳಿದಿತ್ತು, ನಿನಗೆ ಹೇಳಿರಲಿಲ್ಲ. ಕೊನೆಯ ಪುಟ. ಮನೆ ೪೧. ಉದ್ದ ಹನ್ನೊಂದೂವರೆ ಅಡಿ, ಅಗಲ ಹತ್ತು, ತಗಡಿನ ಸೂರು, ಛತ್ರಿ ರಿಪೇರಿ. ಪಕ್ಕದಲ್ಲಿ ನನ್ನದೇ ಕೈಬರಹ: ಖಾಲಿ.

ನಿನಗೆ ಛತ್ರಿಯಮ್ಮ ನೆನಪಿರಬೇಕು. ಹಳ್ಳದ ತಳದಲ್ಲಿ ಒಂಟಿಯಾಗಿದ್ದಳು. ಎರಡೂ ಕಾಲು ಸ್ವಾಧೀನವಿರಲಿಲ್ಲ. ಕೂತಲ್ಲೇ ಇಡೀ ಊರಿನ ಛತ್ರಿ ರಿಪೇರಿ ಮಾಡುತ್ತಿದ್ದಳು. ನಾವಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದನ್ನು ಕೇಳಿ ಆಕೆಯೂ ನಮ್ಮನ್ನು ದುರ್ಬೀನಿನವರೇ, ಸರಪಳಿಯವರೇ ಎಂದೇ ಕರೆಯುತ್ತಿದ್ದಳು. ಉಳಿದ ನಲವತ್ತು ಮನೆಯವರು ಹೋಗಿ ವಾರವಾದರೂ ಆಕೆ ಅಲ್ಲೇ ಇದ್ದಳು. ಕೊನೆಯ ದಿನ ನೀನು ಮೇಲೆ ದಂಡೆಯಲ್ಲಿ ನಿಂತೆ, ನಾನು ಇಳಿದು ನೋಡಿಬಂದೆ, ಯಾರೂ ಇರಲಿಲ್ಲ. ಆಕೆಯ ಅಕ್ಕನ ಮಗ ಬಂದು ಗಾಡಿಯಲ್ಲಿ ಕರೆದುಕೊಂಡು ಹೋದನಂತೆ ಎಂದು ಆಮೇಲೆ ಯಾರೋ ಅಂದರು. ಹಳ್ಳ ಖಾಲಿಯಾಗಿದೆ ಎಂದು ನೀನು ನಕ್ಷೆಗೆ ಸಹಿ ಹಾಕಿದೆ. ಮಾರನೆಯ ಬೆಳಗ್ಗೆಯೇ ಲಾರಿಗಳು ದಂಡೆಯ ಮೇಲಿಂದ ಮಣ್ಣು ಸುರಿಯತೊಡಗಿದವು.

ಶುಕ್ರವಾರ

ನಿನ್ನೆ ಅಲ್ಲಿಗೇ ನಿಲ್ಲಿಸಿದೆ. ಮುಂದಿನದನ್ನು ನೀನು ನಂಬಿದರೆ ನಂಬು, ಮುದುಕನಿಗೆ ಅರಳುಮರುಳು ಎಂದರೂ ಬೇಸರವಿಲ್ಲ.

ಆಮೇಲಿನ ಬುಧವಾರ ಹೋಗಬಾರದೆಂದಿದ್ದೆ, ಹೋದೆ. ದಿಬ್ಬ ಹತ್ತಲಿಲ್ಲ. ಕೊಳದ ಈಚೆ ಬೆಂಚಿನ ಮೇಲೆ ಕೂತೆ. ಮಗಳೊಬ್ಬಳೇ ಮೇಲೆ ಹೋಗಿ ಸ್ವಲ್ಪ ಹೊತ್ತಿಗೆ ಇಳಿದು ಬಂದಳು. ಬಿಸಿಲು ಚೆನ್ನಾಗಿಯೇ ಇತ್ತು, ಮೂರು ಗಂಟೆಯ ಸಮಯ.

"ಅಪ್ಪಾ, ಚಹಾಮನೇಲಿ ಒಬ್ರು ಅಜ್ಜಿ ಕೂತಿದಾರೆ. ನಿಮ್ಮನ್ನ ಕೇಳಿದ್ರು."

"ನನ್ನನ್ನಾ? ಏನಂತ?"

"ಸರಪಳಿಯವರು ಬಂದಿದಾರಾ, ಒಳಗೆ ಬರೋಕೆ ಹೇಳಮ್ಮ ಅಂದ್ರು. ಬೇರೆ ಯಾರನ್ನೋ ಕೇಳ್ತಿದಾರೆ ಅಂದ್ಕೊಂಡು ನಾನು, ನಮ್ಮಪ್ಪ ಒಬ್ರೇ ಕೆಳಗಿರೋದು ಅಂದೆ. ಹೂಂ, ಅವರೇ ಅಂದ್ರು. ಸರಪಳಿ ಅಂದ್ರೆ ಏನಪ್ಪಾ?"

ಅವಳು ಹುಟ್ಟುವ ಮೊದಲೇ ನಾವು ಸರ್ವೆ ಬಿಟ್ಟು ಬೇರೆ ಬೇರೆ ಊರಿಗೆ ಹೋದೆವು. ನೀನೊಬ್ಬ ಕಾಗದದಲ್ಲಿ ಬರೆಯುವುದು ಬಿಟ್ಟರೆ ಆ ಹೆಸರಿನಿಂದ ನನ್ನನ್ನು ಕರೆಯುವವರು ಭೂಮಿಯ ಮೇಲೆ ಯಾರೂ ಇಲ್ಲ. ನಿನ್ನ ಕಾಗದಗಳನ್ನು ಅವಳು ಮುಟ್ಟಿದವಳಲ್ಲ.

"ನೋಡೋಕೆ ಹೇಗಿದ್ರು?"

"ಕತ್ತಲೆ ಅಪ್ಪಾ, ಮುಖ ಸರಿಯಾಗಿ ಕಾಣಲಿಲ್ಲ. ನೆಲದ ಮೇಲೆ ಕೂತಿದ್ರು. ಪಾಪ, ಏಳೋಕೆ ಆಗಲ್ಲ ಅನ್ಸುತ್ತೆ."

ಹೇಗೆ ಕೊಳ ದಾಟಿದೆನೋ, ದಿಬ್ಬ ಹತ್ತಿದೆನೋ. ಚಹಾಮನೆಯ ಬಾಗಿಲಿಗೆ ಬೀಗವಿತ್ತು. ಬೀಗಕ್ಕೆ ಜೇಡ ಬಲೆ ಕಟ್ಟಿತ್ತು. ಮಗಳು ಬೀಗವನ್ನೂ ನನ್ನನ್ನೂ ನೋಡಿದಳು. ಆಮೇಲೆ ಅವಳು ನನ್ನ ಜೊತೆ ತೋಟಕ್ಕೆ ಬಂದಿಲ್ಲ.

ಎರಡು ವಾರ ನಾನೂ ಹೋಗಲಿಲ್ಲ. ಆದರೆ ಮನೆಯಲ್ಲಿ ಕೂತರೂ ಯಾರೋ ಕರೆದು ಕಾಯುತ್ತಿರುವಾಗ ಹೋಗದೆ ಉಳಿದವನ ಸಂಕಟ. ಕೊನೆಗೆ ಒಬ್ಬನೇ ಹೋಗಿ ತೋಟದ ಹೆಂಗಸಿನ ಹತ್ತಿರ ಬೀಗ ತೆಗೆಸಿದೆ. "ಹೋದ ವರ್ಷದಿಂದ ಮುಚ್ಚಿದೀವಿ ಸಾರ್, ನೆಲ ವಾಲ್ತಿದೆ. ಐದು ನಿಮಿಷ ಅಷ್ಟೇ" ಎಂದಳು.

ಆ ಬಾಗಿಲು ಸೊಂಟದೆತ್ತರ. ದೊಡ್ಡವನಾಗಲಿ ಚಿಕ್ಕವನಾಗಲಿ ತಲೆ ಬಗ್ಗಿಸಿ, ಮಂಡಿಯೂರಿ ನುಗ್ಗಬೇಕು. ನುಗ್ಗಿದೆ. ಒಳಗೆ ಚಾಪೆ, ಗೋಡೆ, ಇನ್ನೇನಿಲ್ಲ. ನೆಲ ಹಿಂದಿನ ಮೂಲೆಗೆ ವಾಲಿತ್ತು. ವರ್ಷದಿಂದ ಮುಚ್ಚಿದ ಮನೆಯ ತಂಡಿ. ಚಾಪೆ ಮುಟ್ಟಿದರೆ ಬೆರಳು ಕೊರೆಯುತ್ತಿತ್ತು. ಆ ವಾಲಿದ ಮೂಲೆಯಲ್ಲಿ ಮಾತ್ರ, ಒಬ್ಬರು ಕೂರುವಷ್ಟು ಜಾಗದಲ್ಲಿ, ಚಾಪೆ ಬೆಚ್ಚಗಿತ್ತು. ಈಗಷ್ಟೇ ಯಾರೋ ಸರಿದು ನನಗೆ ಜಾಗ ಬಿಟ್ಟ ಹಾಗೆ. ಕೂತೆ.

ಹೊರಗೆ ಬಂದಾಗ ತೋಟದ ಹೆಂಗಸು ಜಲ್ಲಿಯಂಗಳದ ಆಚೆ ತುದಿಯಲ್ಲಿ ನಿಂತಿದ್ದಳು, ಬಾಚಣಿಗೆಯನ್ನು ಎದೆಗೆ ಅಡ್ಡ ಹಿಡಿದು.

"ಒಳಗೆ ಯಾರ ಜೊತೆ ಮಾತಾಡ್ತಿದ್ರಿ ಸಾರ್?"

"ನಾನು ಮಾತಾಡಲಿಲ್ಲವಲ್ಲ ತಾಯಿ."

"ನಿಮ್ಮ ದನಿ ಅಲ್ಲ ಸಾರ್" ಎಂದಳು.

ಅವತ್ತು ಬರುವಾಗಲೂ ಎಣಿಸಿದೆ. ನೂರ ಹದಿನೆಂಟಕ್ಕೆ ಬೇಲಿ ಸಿಕ್ಕಿತು. ಭಾರ ಇಳಿಸಿ ಬಂದ ಹಾಗೆ ಹೆಜ್ಜೆ ಹಗುರವಾಗಿತ್ತು, ಜೊತೆಗೆ ಯಾರೂ ಬರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

ಮಾರನೆಯ ದಿನ ಪಾರ್ಕಿನ ಆಫೀಸಿಗೆ ಹೋಗಿ, ದಿಬ್ಬದ ಕೆಳಗೆ ಒಂದು ಮನೆಯಿದೆ, ಕೆಡವದೆ ಮಣ್ಣು ಸುರಿದಿದ್ದಾರೆ ಎಂದು ಬರೆದುಕೊಟ್ಟೆ. ಫೀಲ್ಡ್ ಬುಕ್ಕಿನ ಪುಟ ಲಗತ್ತಿಸಿದೆ. ಅಲ್ಲಿನ ಎಂಜಿನಿಯರು ಒಳ್ಳೆಯ ಹುಡುಗಿ, ನಗಲಿಲ್ಲ. ಹೋದ ವಾರ ಯಂತ್ರ ತಂದು ಜಲ್ಲಿಯಂಗಳದಲ್ಲಿ ಕೊರೆಸಿದಳು. ಹದಿನಾಲ್ಕು ಅಡಿಗೆ ತಗಡು ಸಿಕ್ಕಿತು. ತಗಡಿನ ಕೆಳಗೆ ಮಣ್ಣಿಲ್ಲ, ಟೊಳ್ಳು. ಕೊರೆದ ತೂತಿನಿಂದ ಉಸಿರು ಬಿಟ್ಟಂತೆ ಗಾಳಿ ಬಂತು. ಕೆಲಸದವರು ಯಂತ್ರ ಬಿಟ್ಟು ದೂರ ಸರಿದರು. ಸುತ್ತ ಹಗ್ಗ ಕಟ್ಟಿ ತೋಟ ಮುಚ್ಚಿದ್ದಾರೆ. ಸೋಮವಾರ ಪೊಲೀಸರ ಎದುರಿನಲ್ಲಿ ಅಗೆಯುತ್ತಾರೆ. ಛತ್ರಿಯಮ್ಮ ಅಕ್ಕನ ಮಗನ ಗಾಡಿಯಲ್ಲಿ ಹೋಗಿದ್ದು ನಿಜವಾಗಿರಲಿ, ಒಳಗೆ ಮುರಿದ ಛತ್ರಿ ಬಿಟ್ಟು ಇನ್ನೇನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಕ್ಷೆಯ ಮೇಲೆ ನಿನ್ನ ಸಹಿ ಇದೆ. ನಿನಗೊಂದು ಸರ್ಕಾರಿ ಕಾಗದ ಬರುತ್ತದೆ. ಅದಕ್ಕೂ ಮೊದಲು ನನ್ನದು ತಲುಪಲಿ ಎಂದು ಈ ಆತುರ. ಗಾಬರಿಯಾಗಬೇಡ. ಮಂಡಿಯ ನೆಪ ಹೇಳಿ ಮನೆಯಲ್ಲೇ ಇರು, ಯಾರು ಬಂದು ಕೇಳಿದರೂ ನನ್ನ ಕಡೆ ಕಳಿಸು. ನಿನ್ನ ಮನೆಯಾಕೆಗೆ ಈ ಕಾಗದ ಓದಿ ಹೇಳಬೇಡ, ನಾನು ಕೇಳಿದೆನೆಂದು ಮಾತ್ರ ಹೇಳು. ನಿನ್ನ ಮೊಮ್ಮಕ್ಕಳು ನೂರು ಕಾಲ ಬಾಳಲಿ, ನಿನ್ನಂತೆ ಉದ್ದವಾಗಿ, ನಿನ್ನಂತೆ ನೇರವಾಗಿ.

ಇಂತಿ ನಿನ್ನವನೇ ಆದ,
ಸರಪಳಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೊದಲಿನ ಮೂರು ಕಾಗದ ಹರಿದದ್ದು ಇದಕ್ಕೇ. ನಿನ್ನೆ ಇಲ್ಲಿ ಬರೆದದ್ದೂ ಸುಳ್ಳು. ಅವತ್ತು ನಾನು ಹಳ್ಳಕ್ಕೆ ಇಳಿಯಲೇ ಇಲ್ಲ. ಹಿಂದಿನ ದಿನ ಛತ್ರಿಯಮ್ಮನ ಕೈ ಹಿಡಿದು, ಹೊಸ ಮನೆಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆಸಿಕೊಂಡು ನಾಳೆ ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆಫೀಸಿನಲ್ಲಿ ಸಾಹೇಬರು ಪಟ್ಟಿ ಮುಗಿಯಿತು ಎಂದರು. ನಾನು ಎದುರಾಡಲಿಲ್ಲ, ಎರಡನೆಯ ಸಲ ಕೇಳಲೂ ಇಲ್ಲ. ಬರಿಗೈಯಲ್ಲಿ ಆಕೆಯ ಮುಖ ನೋಡಲು ನಾಚಿಕೆಯಾಗಿ, ನಿನ್ನ ಕಣ್ಣಿಗೆ ಬೀಳದಂತೆ ಇಟ್ಟಿಗೆ ಗೂಡಿನ ಹಿಂದೆ ಕೂತು ಒಂದು ಸಿಗರೇಟು ಸೇದಿದೆ. ಬಂದು ಯಾರೂ ಇಲ್ಲ ಎಂದೆ. ನೀನು ನನ್ನ ಮುಖವನ್ನೂ ನೋಡದೆ ಸಹಿ ಹಾಕಿದೆ. ನನ್ನ ಮಾತೆಂದರೆ ನಿನಗೆ ಅಷ್ಟು ನಂಬಿಕೆ. ಸೋಮವಾರ ಇದನ್ನು ಪೊಲೀಸರಿಗೂ ಬರೆದುಕೊಡುತ್ತೇನೆ. ಮೊದಲು ನಿನಗೆ ಗೊತ್ತಾಗಲಿ. ಗೂಡಿನ ಹಿಂದೆ ಕೂತಿದ್ದಾಗ ಕೆಳಗಿನಿಂದ ಆಕೆ ಕೆಮ್ಮುವುದು ನನಗೆ ಕೇಳಿಸುತ್ತಿತ್ತು.