ಇಬ್ಬರೂ ಗೆದ್ದ ವಾದ

ನಮ್ಮ ಬೀದಿಯ ಮಾನ್ಯ ನೆರೆಹೊರೆಯವರಿಗೆ,

ನಿನ್ನೆ ನನ್ನ ಮಗನ ಅಂತ್ಯಕ್ರಿಯೆಗೆ ಬಂದು ನಿಂತ ನಿಮ್ಮೆಲ್ಲರಿಗೂ ವಂದನೆಗಳು. ನಿಮ್ಮ ಸಹಾನುಭೂತಿಯನ್ನು ಮಾತ್ರ ನಾನು ಸ್ವೀಕರಿಸಲಾರೆ. ಅವನ ಕಾರಿನ ಸದ್ದಿನ ವಿರುದ್ಧ ನೀವು ಸಹಿ ಹಾಕಿದ ದೂರನ್ನು ಬರೆದವನು ನಾನೇ. ಮೊದಲ ಸಹಿಯೂ ನನ್ನದೇ.

"ಹೆಸರಿಗೆ ಸೈಲೆನ್ಸರ್, ಬೀದಿಯೆಲ್ಲ ಕೂಗಾಟ! ಏನೋ ಇದು?" ಎಂದು ಹಂಗಿಸುತ್ತಿದ್ದೆ. "ಅದರ ಬಾಯಿ ಕಟ್ಟಿದ್ರೆ ಎಂಜಿನ್ ಎಳೆಯಲ್ಲಪ್ಪಾ," ಎನ್ನುತ್ತಿದ್ದ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋಲದ ನಾನು ಮನೆಯಲ್ಲೂ ಸೋಲಲಿಲ್ಲ.

ಕಳೆದ ಭಾನುವಾರ ಅವನು ಗಾಜಿನ ನಾರು ತುಂಬಿದ ಹೊಸ ಸೈಲೆನ್ಸರ್ ಡಬ್ಬಿಯೊಂದನ್ನು ತಂದ. "ಒಳಗಿನ ಕೊಳವೆ ನೇರವಾಗಿದೆ. ಸದ್ದನ್ನು ನಾರು ಹೀರುತ್ತೆ, ಎಳೆತ ಇಳಿಯಲ್ಲ. ಈ ಸಲ ಇಬ್ಬರೂ ಗೆದ್ವಿ, ಬಿಡಪ್ಪಾ," ಎಂದು ನಕ್ಕ. ಇಬ್ಬರೂ ಗೆಲ್ಲುವ ವಾದವನ್ನು ನಾನು ಕಂಡಿರಲಿಲ್ಲ. "ಮೊದಲು ಮಾಡಿ ತೋರಿಸು," ಎಂದೆ. ಕಾರಿನಡಿ ನುಸುಳಿ ಎರಡು ಬೋಲ್ಟ್ ಬಿಗಿಯುವಷ್ಟರಲ್ಲಿ ಜಾಕ್ ಜಾರಿತು. ಕಾರು ಅವನ ಎದೆಯ ಮೇಲೆ ಕುಳಿತಿತು.

ಅದನ್ನು ಗುಜರಿಗೆ ಹಾಕಿರೆಂದು ನೀವು ಸಲಹೆ ನೀಡಿದಿರಿ. ಹಾಕುವುದಿಲ್ಲ. ಉಳಿದ ಎರಡು ಬೋಲ್ಟ್‌ಗಳನ್ನು ಇಂದು ನಾನೇ ಬಿಗಿದಿದ್ದೇನೆ. ನಾಳೆಯಿಂದ ಪ್ರತಿ ಬೆಳಿಗ್ಗೆ ಆ ಕಾರನ್ನು ನಿಮ್ಮ ಮನೆಗಳ ಮುಂದೆ ಓಡಿಸುತ್ತೇನೆ. ನಿಮ್ಮ ಯಾರ ಕಿವಿಗೂ ಅದು ಕೇಳಿಸದು.

ಇತಿ,
ಅವನ ತಂದೆ